ಒಂದು ಮೊರ ತೌಡಿನ ಹೆಸರು

ರಾವೂರಿನ ತಿಪ್ಪಮ್ಮನಿಗೆ ಆ ಹೆಸರು ಬಂದದ್ದು ನಿಜವಾದ ತಿಪ್ಪೆಯಿಂದಲೇ. ಅವಳಿಗಿಂತ ಮುಂಚೆ ಹುಟ್ಟಿದ ಕೂಸುಗಳು ಒಂದೂ ಉಳಿಯಲಿಲ್ಲವೆಂದು ತಾಯಿ ಮಹಾದೇವಮ್ಮ ಅವಳನ್ನು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿದ್ದಳು. ಕಸದ ಕೂಸು ಯಮನಿಗೂ ಬೇಡವಾಗಲಿ ಎಂಬ ಆಸೆ. ಹಾಗೆ ಹಾಕಿದ ಕೂಸನ್ನು ಯಾರು ಒಂದು ಮೊರ ತೌಡು ಸುರಿದು ಎತ್ತಿಕೊಳ್ಳುತ್ತಾರೋ ಕೂಸು ಅವರದು, ಹೆಸರಿಡುವ ಹಕ್ಕೂ ಅವರದೇ. ನೆರೆಮನೆಯ ಲಾಲಮ್ಮ ಎತ್ತಿಕೊಂಡಳು, ತಿಪ್ಪಮ್ಮ ಅಂದಳು, ತಿರುಗಿ ತಾಯಿಯ ಉಡಿಗೆ ಹಾಕಿದಳು. ಕೂಸೇನೋ ಬದುಕಿತು. ಆದರೆ ಹೋದಲ್ಲೆಲ್ಲ ಅವಳ ಹೆಸರು ಕೇಳಿ ಮೂಗು ಮುಚ್ಚಿಕೊಂಡು ನಗುವವರಿಗೇನೂ ಬರವಿರಲಿಲ್ಲ.

ವಾಡಿಯ ರೈಲ್ವೆ ಕ್ವಾರ್ಟರ್ಸಿಗೆ ಮೊಸರು ಮಾರಲು ಹೋಗತೊಡಗಿದ ಮೇಲೆ ಅವಳ ಕಿವಿ ತೆರೆಯಿತು. ಅಲ್ಲಿ ತಾಯಂದಿರು ಮಕ್ಕಳನ್ನು ಕರೆಯುವುದನ್ನು ಕೇಳುವುದೇ ಒಂದು ಚಂದ. ಒಂದು ಮನೆಯಲ್ಲಿ ಚಾರುಶೀಲಾ ಎಂಬ ಹುಡುಗಿಯಿದ್ದಳು. ತಿಪ್ಪಮ್ಮನಿಗೆ ಹುಟ್ಟಿದವೆಲ್ಲ ಗಂಡು. ಆದರೂ ಆ ಹೆಸರನ್ನು ಮನಸ್ಸಿನಲ್ಲಿ ಗಂಟು ಕಟ್ಟಿಟ್ಟುಕೊಂಡಳು.

೧೯೭೨ರಲ್ಲಿ ತಮ್ಮ ಖಂಡೆಪ್ಪನ ಹೆಂಡತಿ ಶಿವಕಾಂತಮ್ಮ ಹೆಣ್ಣು ಹೆತ್ತಳು. ಮೊದಲಿನ ಎರಡು ಕೂಸು ದಕ್ಕಿರಲಿಲ್ಲ. ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವವಳು ಸೋದರತ್ತೆ. ಹೇಳಿ ಮುಗಿಸಿದ್ದೇ ತಡ, ಹೆಂಗಸರೆಲ್ಲ ಅವಳ ಬೆನ್ನಿಗೆ ನಗುನಗುತ್ತ ಗುದ್ದುವುದು ಪದ್ಧತಿ. ಮಹಾದೇವಮ್ಮ ಮೊದಲೇ ತಾಕೀತು ಮಾಡಿದ್ದಳು: "ನಿನ್ನ ಹೆಸರೇ ಇಡು. ನಿನ್ನ ಉಳಿಸ್ಯದ, ಇದನ್ನೂ ಉಳಿಸ್ತದ."

ತಿಪ್ಪಮ್ಮ ಬಗ್ಗಿ ಹೇಳಿದ್ದು ಚಾರುಶೀಲಾ ಎಂದು. ಸಾಲದ್ದಕ್ಕೆ ಓಣಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿದಳು. ಆ ದಿನ ಬಿದ್ದ ಗುದ್ದುಗಳಲ್ಲಿ ತಾಯಿಯದು ಮಾತ್ರ ಆಟದ್ದಾಗಿರಲಿಲ್ಲ.

ಕೂಸಿಗೆ ಮೂರು ತಿಂಗಳಾದಾಗ ಜ್ವರ ಏರಿತು. ಮೊಲೆ ಹಿಡಿಯಲೊಲ್ಲದು.

"ನೀ ಇಟ್ಟ ಹೆಸರೇ ಕೂಸಿಗಿ ತಿನ್ನಾಕತ್ತದ!" ಎಂದು ಮಹಾದೇವಮ್ಮ ಎದೆ ಬಡಿದುಕೊಂಡಳು. ಮೊಮ್ಮಗಳನ್ನು ತಿಪ್ಪೆಗೆ ಒಯ್ದು ಮಲಗಿಸಿ ಲಾಲಮ್ಮನನ್ನು ಕೂಗಿದಳು.

ಶಿವಕಾಂತಮ್ಮ ಬಾಗಿಲಿಗೆ ಒರಗಿ ಅಳುತ್ತಿದ್ದಳು: "ಯಾವ ಹೆಸರಾದ್ರೂ ಇರ್ಲಿ, ನನ್ನ ಕೂಸು ಉಳೀಲಿ."

ತಿಪ್ಪಮ್ಮನಿಗೂ ಭಯವಾಯಿತು, ಸುಳ್ಳೇಕೆ? ಆದರೆ ತಿಪ್ಪೆಯ ಮೇಲೆ ನರಳುವ ಕೂಸನ್ನು ಕಂಡದ್ದೇ ಭಯಕ್ಕಿಂತ ಸಿಟ್ಟು ದೊಡ್ಡದಾಯಿತು. ಮುದಿ ಲಾಲಮ್ಮ ಮೊರ ಹಿಡಿದು ಕಾಲೆಳೆಯುತ್ತ ಬರುತ್ತಿದ್ದಳು. ತಿಪ್ಪಮ್ಮ ಎಮ್ಮೆಗೆಂದು ಇಟ್ಟಿದ್ದ ತೌಡನ್ನು ಒಂದು ಮೊರಕ್ಕೆ ತುಂಬಿ, ಓಡಿಹೋಗಿ ತಿಪ್ಪೆಯ ಮೇಲೆ ಸುರಿದು, ಕೂಸನ್ನು ಎದೆಗವಚಿಕೊಂಡಳು.

"ಯವ್ವಾ, ನಿನ್ನ ಪದ್ಧತಿ ಪ್ರಕಾರನೇ ಕೊಂಡೀನಿ. ಕೂಸು ನಂದು, ಹೆಸರು ಇಡಾಕಿನೂ ನಾನೇ. ಚಾರುಶೀಲಾ!"

"ಏ ಹುಚ್ಚಿ, ಯಮ ಬಂದ್ರ?"

"ಬರ್ಲಿ. ಇದು ತಿಪ್ಪಮ್ಮನ ಕೂಸದ ಅಂತ ಹೇಳು. ನನ್ನ ಹೆಸರಿಗಿ ಹೆದರಿ ಓಡಿದಾಂವ, ನನ್ನ ಕೂಸಿಗಿ ಹ್ಯಾಂಗ್ ಮುಟ್ತಾನ?"

ಪದ್ಧತಿ ಮಹಾದೇವಮ್ಮನದೇ, ಇಲ್ಲವೆನ್ನುವುದು ಹೇಗೆ? ಅವಳು ಸುಧಾರಿಸಿಕೊಳ್ಳುವಷ್ಟರಲ್ಲಿ ತಿಪ್ಪಮ್ಮ ತಮ್ಮನನ್ನೂ ಶಿವಕಾಂತಮ್ಮನನ್ನೂ ಹೊರಡಿಸಿಕೊಂಡು ವಾಡಿಗೆ ನಡೆದು, ಸಿಕ್ಕ ರೈಲು ಹತ್ತಿ ಶಹಾಬಾದದ ದವಾಖಾನೆ ಸೇರಿದ್ದಳು. ಸೂಜಿ ಬಿತ್ತು, ಔಷಧ ಇಳಿಯಿತು, ಜ್ವರ ಬಿಟ್ಟಿತು. ಕೂಸು ಹಾಲಿಗೆ ಬಾಯಿ ಹಾಕಿದಾಗ ತಿಪ್ಪಮ್ಮ ಎಲ್ಲರೆದುರೇ ಅತ್ತಳು.

ಮುಂದೆ ಓಣಿಯ ತೊಟ್ಟಿಲುಗಳಲ್ಲಿ ಸುನಂದಾ, ಶಶಿಕಲಾ ಮಲಗತೊಡಗಿದರು. ತಿಪ್ಪೆಯ ತಂಟೆಗೆ ಯಾರೂ ಹೋಗಲಿಲ್ಲ. ಚಾರುಶೀಲಾ ಚಿತ್ತಾಪುರದ ಹೈಸ್ಕೂಲು ಸೇರಿದ ವರ್ಷ ಕೇಳಿದಳು: "ಅತ್ತಿ, ನಿನಗೂ ಒಂದು ಚಂದನ ಹೆಸರು ಇಡ್ಲೇನು?"

"ಬ್ಯಾಡವ್ವ. ಈ ಹೆಸರು ಹೇಳಿನೇ ನಿನ್ನ ಉಳಿಸ್ಕೊಂಡೀನಿ."

ಅದೇ ಸಂಜೆ ತಿಪ್ಪಮ್ಮ ಖಾಲಿ ಗಡಿಗೆ ಹೊತ್ತು ಓಣಿಗೆ ತಿರುಗಿದಾಗ, ಕಟ್ಟೆಯ ಮೇಲೆ ಮಹಾದೇವಮ್ಮ ಮೊಮ್ಮಗಳನ್ನು ಊಟಕ್ಕೆ ಕೂಗುತ್ತಿದ್ದಳು. ಮುದುಕಿಯ ಬಾಯಲ್ಲಿ ಹಲ್ಲು ಉಳಿದಿರಲಿಲ್ಲ, ಹೆಸರು ಮಾತ್ರ ಪೂರ್ತಿ ಬಂತು: "ಚಾರುಶೀಲಾ!"

ತಿಪ್ಪಮ್ಮ ಗಡಿಗೆ ಇಳಿಸಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಇನ್ನೊಂದ್ಸಲ ಕರಿ ಯವ್ವಾ. ಓಣಿಗೆಲ್ಲ ಕೇಳ್ಲಿ!"