ಮಗಳ ಪಾತಾಳಲೋಕಕ್ಕೆ ಕದ್ದು ಹೋದದ್ದು

ಕರ್ಕ್‌ಲ್ಯಾಂಡಿನ ನಮ್ಮ ಮನೆಯಲ್ಲಿ ಪ್ರಿಂಟರ್ ಇದ್ದದ್ದು ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಒಂದು ಅಕ್ಟೋಬರ್ ಮಧ್ಯಾಹ್ನ ವೀಸಾದ ಯಾವುದೋ ಫಾರ್ಮ್ ತೆಗೆದುಕೊಳ್ಳಲು ಬಗ್ಗಿದರೆ ಟ್ರೇಯಲ್ಲಿ ನನ್ನದಲ್ಲದ ಆರು ಹಾಳೆಗಳಿದ್ದವು. ಇಂಗ್ಲಿಷಿನಲ್ಲಿದ್ದ ಮೊದಲ ಸಾಲು ಹೀಗಿತ್ತು: ಸತ್ತವರ ನಾಡು ಇಷ್ಟು ತಂಪಾಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ನನ್ನ ಮಗಳಿಗೆ ಆಗ ಹದಿನಾರು. ಐದನೇ ಕ್ಲಾಸಿನಿಂದಲೇ ಗ್ರೀಕ್ ದೇವತೆಗಳ ಹುಚ್ಚು. ಅವಳು ಕಾದಂಬರಿ ಬರೆಯುತ್ತಿದ್ದಾಳೆಂಬುದು ಮಾತ್ರ ನನಗೆ ಗೊತ್ತೇ ಇರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಆರೂ ಹಾಳೆ ಓದಿದೆ. ಬೆಳೆಯ ದೇವತೆಗೊಬ್ಬಳು ಮಗಳು. ಪಾತಾಳದ ರಾಜನಿಗೆ ಒಬ್ಬ ನಾಚಿಕೆಯ ಮಗ. ಹಳೆಯ ಗ್ರೀಕ್ ಕಥೆಯಲ್ಲಿ ಪಾತಾಳದ ರಾಜನೇ ಹುಡುಗಿಯನ್ನು ಹೊತ್ತೊಯ್ಯುತ್ತಾನೆ. ನನ್ನ ಮಗಳ ಕಥೆಯಲ್ಲಿ ಹುಡುಗಿ ತಾನಾಗಿಯೇ ನಡೆದುಹೋಗುತ್ತಾಳೆ, ನಮ್ಮೂರ ಸರೋವರದ ಮೇಲಿನ ತೇಲು ಸೇತುವೆಯಂಥದೇ ಒಂದು ಸೇತುವೆ ದಾಟಿ, ಮಂಜಿನೊಳಗೆ. ರಾಜನ ಮಗ ದಾಳಿಂಬೆ ಬಿಡಿಸಿಕೊಡುತ್ತಾನೆ. ತಿಂದರೆ ವಾಪಸ್ ಬರುವಂತಿಲ್ಲ ಎಂದೂ ಹೇಳುತ್ತಾನೆ. ಅವಳು ತಿನ್ನುತ್ತಾಳೆ.

ಓದಿ ಮುಗಿಸಿದಾಗ ನನಗೆ ಹೆದರಿಕೆಯಾಗಿತ್ತು. ಮುತ್ತಿನ ದೃಶ್ಯಗಳಿಗೆ ಅಲ್ಲ. ಆ ಹುಡುಗಿಗೆ ಸತ್ತವರ ನಾಡು ಯಾಕೆ ಅಷ್ಟು ಹಿತವಾಗಿತ್ತು? ಹದಿನಾರರ ಮಕ್ಕಳು ಪ್ರಾಣ ಕಳೆದುಕೊಳ್ಳುವ ಬಗ್ಗೆ ಇಲ್ಲಿ ಶಾಲೆಯಿಂದ ಬರುವ ಎಚ್ಚರಿಕೆಯ ಇಮೇಲುಗಳನ್ನು ಓದಿದ ಯಾವ ತಾಯಿಗಾದರೂ ಆ ಪ್ರಶ್ನೆ ಬರುತ್ತಿತ್ತು. ಗಂಡನಿಗೆ ಹೇಳಿದೆ. "ಕಥೆ ಕಣೇ ಅದು. ಕೇಳ್ಬೇಕು ಅಂದ್ರೆ ನೇರವಾಗಿ ಅವಳನ್ನೇ ಕೇಳು" ಅಂದರು.

ನಾನು ಕೇಳಲಿಲ್ಲ. ಹಾಳೆಯ ಅಡಿಯಲ್ಲಿ ಒಂದು ವೆಬ್‌ಸೈಟಿನ ವಿಳಾಸವಿತ್ತು. ಹುಡುಗ ಹುಡುಗಿಯರು ಕಥೆಗಳನ್ನು ಕಂತುಕಂತಾಗಿ ಹಾಕುವ, ಓದಿದವರು ಕೆಳಗೆ ಕಾಮೆಂಟ್ ಬರೆಯುವ ಜಾಗ. ಒಂದು ಹೂವಿನ ಹೆಸರಿಟ್ಟುಕೊಂಡು ಒಳಗೆ ಹೋದೆ.

ರೆಡ್ಮಂಡಿನ ಆಫೀಸಿನಿಂದ ಬರುವಾಗ ಬಸ್ಸಿನಲ್ಲಿ ಓದುತ್ತಿದ್ದೆ. ಕಥೆಯ ತಾಯಿ ಭಯಂಕರ ಹೆಂಗಸು. ಹುಲ್ಲಿನ ಒಂದೊಂದು ಎಳೆಯೂ ಅವಳ ಕಣ್ಣು. ಮಗಳು ಎಲ್ಲಿ ಕಾಲಿಟ್ಟರೂ ಅವಳಿಗೆ ಗೊತ್ತಾಗುತ್ತದೆ. ಅದನ್ನು ಓದಿದಾಗ ಅವಮಾನವಾಯಿತು. ಆದರೂ ಕಾಮೆಂಟ್ ಬರೆದೆ: ಚೆನ್ನಾಗಿದೆ, ಈ ಹುಡುಗಿಗೆ ಭೂಮಿ ಯಾಕೆ ಬೇಡವಾಯಿತು? ಅರ್ಧ ಗಂಟೆಯಲ್ಲಿ ಉದ್ದದ ಉತ್ತರ ಬಂತು. ಅವಳಿಗೆ ಸಾಯುವ ಆಸೆಯಿಲ್ಲ, ತನ್ನನ್ನು ಯಾರೂ ನೋಡುತ್ತಿರದ ಒಂದು ಜಾಗ ಬೇಕು, ಅಷ್ಟೇ, ಅಂತ. ಬಸ್ಸಿನಲ್ಲಿ ಕಣ್ಣೊರೆಸಿಕೊಂಡೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮನೆಯಲ್ಲಿ ಫೈನ್, ಓಕೆ ಬಿಟ್ಟು ಮೂರನೇ ಮಾತಾಡದ ಮಗಳು ಈ ಹೂವಿನ ಹೆಸರಿನವಳ ಜೊತೆ ಪುಟಗಟ್ಟಲೆ ಮಾತಾಡುತ್ತಿದ್ದಳು. ನನಗೆ ಅದರ ಚಟ ಹತ್ತಿತು.

ಜನವರಿಯ ಹೊತ್ತಿಗೆ ಅವಳು ಬದಲಾದಳು. ತನ್ನ ಕೋಣೆಯ ಕಿಟಕಿ ಮುಚ್ಚುವ ಬ್ಲೈಂಡ್ಸ್ ಹಗಲಿನಲ್ಲೂ ಎತ್ತುತ್ತಿರಲಿಲ್ಲ. ಶಾಲೆಯಿಂದ ಮನೆಗೆ ಹತ್ತು ನಿಮಿಷದ ನಡಿಗೆ, "ಅಮ್ಮ, ಪಿಕಪ್ ಮಾಡ್ತೀಯಾ?" ಎಂದು ದಿನಾ ಮೆಸೇಜ್. ಕಾರಿಗೆ ಹತ್ತಿದವಳೇ ಹಿಂದಿನ ಕಾರುಗಳನ್ನು ತಿರುಗಿ ನೋಡುತ್ತಿದ್ದಳು. ಮುಂಬಾಗಿಲ ಬೋಲ್ಟ್ ಹಾಕಿ, ಮತ್ತೆ ಬಂದು ಎಳೆದು ನೋಡುತ್ತಿದ್ದಳು.

"ಯಾರಾದ್ರೂ ಏನಾದ್ರೂ ಅಂದ್ರಾ, ಪುಟ್ಟಿ?" ಎಂದು ಕೇಳಿದೆ.

"ನೋ, ಐ ಆಮ್ ಫೈನ್."

ನಾನು ನಂಬಲಿಲ್ಲ. ಯಾರೋ ಇವಳ ಹಿಂದೆ ಬಿದ್ದಿದ್ದಾರೆ. ಯಾರು? ಬಸ್ ಸ್ಟಾಪಿನ ಹತ್ತಿರ ನಿಂತ ಒಬ್ಬೊಬ್ಬ ಗಂಡಸನ್ನೂ ದುರುಗುಟ್ಟಿ ನೋಡಿದೆ. ಹೊಸ ಅಧ್ಯಾಯದಲ್ಲಿ ಪಾತಾಳದ ಹುಡುಗಿಯ ಕಿಟಕಿಯಾಚೆ ಮಂಜಿನಲ್ಲಿ ಯಾರೋ ನಿಂತಿದ್ದರು. ರಾಜಕುಮಾರ ಎಷ್ಟು ಹುಡುಕಿದರೂ ಸಿಗಲಿಲ್ಲ. ನನಗೆ ಹೇಳದ್ದನ್ನು ಆ ಹೂವಿನ ಹೆಸರಿಗಾದರೂ ಹೇಳಿಯಾಳು ಎಂದುಕೊಂಡೆ.

ಅವತ್ತು ಶನಿವಾರ. ಅಡಿಗೆಮನೆಯಲ್ಲಿ ಕುಕ್ಕರ್ ಇಟ್ಟು, ಕಟ್ಟೆಗೆ ಒರಗಿ ಫೋನಿನಲ್ಲಿ ಬರೆದೆ: ನಿನಗೆ ಯಾರದೋ ಭಯ ಇದೆ ಅಂತ ನನಗೆ ಗೊತ್ತು. ನನಗೆ ಹೇಳು. ನೀನು ಅಂದುಕೊಂಡಿರುವುದಕ್ಕಿಂತ ಹತ್ತಿರದಲ್ಲಿದ್ದೇನೆ.

ಕುಕ್ಕರ್ ಎರಡು ಸಲ ಕೂಗಿತ್ತು. ಮೇಲಿನಿಂದ ದಡದಡ ಹೆಜ್ಜೆ ಕೇಳಿಸಿತು. ಮಗಳು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ತುಟಿ ಬಿಳಿಚಿಹೋಗಿತ್ತು. ಹಾಲಿನಿಂದ ಅವಳ ಅಪ್ಪನೂ ಎದ್ದು ಬಂದರು. ಅವಳು ಇಂಗ್ಲಿಷಿನಲ್ಲೇ ಹೇಳಿದ್ದು; ನೆನಪಿನಲ್ಲಿ ಮಾತ್ರ ಅದು ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

"ಅಮ್ಮ, ಯಾರೋ ನನ್ನನ್ನ ಫಾಲೋ ಮಾಡ್ತಿದಾರೆ. ಆನ್‌ಲೈನ್‌ನಲ್ಲಿ ಒಬ್ಬರು. ನಾನು ವಾಲಿಬಾಲ್ ಆಡುವಾಗ ಕೈ ಉಳುಕಿತ್ತಲ್ಲ, ಅದನ್ನ ನಾನು ಅಲ್ಲಿ ಬರೆದೇ ಇಲ್ಲ. ಆದ್ರೂ 'ಮಣಿಕಟ್ಟು ಈಗ ಹೇಗಿದೆ' ಅಂತ ಕೇಳಿದ್ರು. ಈಗ ಹತ್ತಿರದಲ್ಲೇ ಇದೀನಿ ಅಂತಿದಾರೆ. ಅವರಿಗೆ ಈ ಮನೆ ಗೊತ್ತು, ಅಮ್ಮ!"

ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು. ನಾನು ಈಗಷ್ಟೇ ಬರೆದ ಮಾತು. ಮಣಿಕಟ್ಟಿನ ವಿಷಯ ಬರೆದದ್ದು ನನಗೆ ನೆನಪೇ ಇರಲಿಲ್ಲ. ಎರಡು ವಾರದ ಹಿಂದೆ ಅಧ್ಯಾಯ ತಡವಾದಾಗ ಅಭ್ಯಾಸಬಲದಿಂದ ಕೇಳಿಬಿಟ್ಟಿದ್ದೆ. ಅಷ್ಟು ದಿನ ನಾನು ಬೀದಿಯಲ್ಲಿ ಹುಡುಕುತ್ತಿದ್ದ ಮನುಷ್ಯ ನಾನೇ ಆಗಿದ್ದೆ.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದರೆ ಬಂದದ್ದು ಬೇರೆ. "ಯಾರೋ ಸುಮ್ನೆ ತಮಾಷೆಗೆ..." ಅಂದೆ.

"ತಮಾಷೆನಾ?" ಎಂದು ಗಂಡ ಫೋನ್ ಕಸಿದುಕೊಂಡು ಓದಿದರು. ಅವರ ಮುಖ ಬಿಗಿಯಿತು. "ಪೊಲೀಸ್‌ಗೆ ಕಾಲ್ ಮಾಡ್ತೀನಿ. ಪುಟ್ಟಿ, ಕಿಟಕಿ ಹತ್ತಿರ ಹೋಗ್ಬೇಡ." ಮಗಳು ನನ್ನ ಹಿಂದೆ ಬಂದು ನನ್ನ ಸ್ವೆಟರಿನ ತುದಿ ಹಿಡಿದುಕೊಂಡಳು. ಆರು ವರ್ಷದವಳಾಗಿದ್ದಾಗ ಹಾಗೆ ಹಿಡಿಯುತ್ತಿದ್ದಳು. ಒಂದು ಕ್ಷಣ, ದೇವರಾಣೆ, ನಾನು ಹೀಗೇ ಸುಮ್ಮನಿದ್ದುಬಿಡೋಣ ಅಂದುಕೊಂಡೆ.

"ಕಾಲ್ ಮಾಡ್ಬೇಡ್ರೀ," ಅಂದೆ. "ಅದು ನಾನೇ."

ಇಬ್ಬರಿಗೂ ಅರ್ಥವಾಗಲಿಲ್ಲ. ನನ್ನ ಫೋನ್ ತೆರೆದು ಕಟ್ಟೆಯ ಮೇಲಿಟ್ಟೆ. ಮಗಳು ನೋಡಿದಳು. ಮೊದಲು ನಗು ಬಂತು ಅವಳಿಗೆ, ಚಿಕ್ಕದೊಂದು ನಗು, ಬದುಕಿದೆ ಎನ್ನುವಂಥದು. ಆಮೇಲೆ ಸ್ವೆಟರ್ ಬಿಟ್ಟಳು.

"ಎಲ್ಲಾನೂ ಓದಿದೀಯಾ?"

"ಹೂಂ."

"ಮೊದಲಿನಿಂದ?"

"ಭಯ ಆಗಿತ್ತು ಕಣೇ. ನಿನಗೆ ಏನಾದ್ರೂ..."

"ನನಗೆ ಭಯ ಆಗಿತ್ತು, ಅಮ್ಮ," ಅಂದಳು. ಇದನ್ನು ಮಾತ್ರ ಕನ್ನಡದಲ್ಲೇ ಅಂದಳು. ಹೇಳುತ್ತಾ ಒಂದು ಹೆಜ್ಜೆ ಹಿಂದೆ ಸರಿದಳು, ಅಪರಿಚಿತರಿಂದ ಸರಿಯುವ ಹಾಗೆ. ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಅವತ್ತೇ ಸಂಜೆಯೊಳಗೆ ಅವಳು ಆ ಖಾತೆಯನ್ನೇ ಅಳಿಸಿದಳು. ಇಪ್ಪತ್ತೆಂಟು ಅಧ್ಯಾಯ ಹೋದವು. ಕಥೆ ಎಲ್ಲಿ ನಿಂತಿತೋ ಅಲ್ಲೇ ನಿಂತಿತು. ಅವಳ ಅಪ್ಪನೂ ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಶಾಲೆಯ ಕೌನ್ಸೆಲರ್ ನನ್ನನ್ನೂ ಮಗಳನ್ನೂ ಕೂರಿಸಿಕೊಂಡು ಮಾತಾಡಿಸಿದರು. ನಾನು ಕ್ಷಮೆ ಕೇಳಿದೆ, ಅವಳು ಓಕೆ ಅಂದಳು. ಬ್ಲೈಂಡ್ಸ್ ಮಾತ್ರ ಎಷ್ಟೋ ವಾರ ಮುಚ್ಚಿಯೇ ಇದ್ದವು. ಹೊರಗೆ ಯಾರೂ ಇಲ್ಲವೆಂದು ಗೊತ್ತಾದ ಮೇಲೂ ಆ ಹೆದರಿಕೆ ಅವಳ ಮೈಬಿಟ್ಟು ಹೋಗಲಿಲ್ಲ. ಅದನ್ನು ಹಾಕಿದವಳು ನಾನು. ತೆಗೆಯುವುದು ನನಗೆ ಗೊತ್ತಿರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೆ. ಸಿಗ್ನಲಿನಲ್ಲಿ ಕಾರು ನಿಂತಿದ್ದಾಗ ಅವಳು ಇದ್ದಕ್ಕಿದ್ದಂತೆ ಕೇಳಿದಳು: "ಹನ್ನೊಂದನೇ ಅಧ್ಯಾಯ ಓದಿ ಅತ್ತುಬಿಟ್ಟೆ ಅಂತ ಕಾಮೆಂಟ್ ಬರೆದಿದ್ಯಲ್ಲ. ನಿಜಾನಾ? ಇಲ್ಲಾ ನನ್ನ ಮಾತಾಡಿಸೋಕಾ?"

"ನಿಜ. ಆಫೀಸಿನ ರೆಸ್ಟ್‌ರೂಮಿಗೆ ಹೋಗಿ ಅತ್ತೆ."

ಅವಳು ಹ್ಮ್ ಅಂದು ಕಿಟಕಿಯಾಚೆ ನೋಡಿದಳು. ದೀಪ ಹಸಿರಾಯಿತು.

ಈಗ ಅವಳು ಕಾಲೇಜಿನಲ್ಲಿದ್ದಾಳೆ, ಬೇರೆ ಊರು. ಮತ್ತೆ ಬರೆಯುತ್ತಿದ್ದಾಳೆಂದು ಅವಳ ಅಪ್ಪನಿಂದ ಗೊತ್ತಾಯಿತು. ಯಾವ ಹೆಸರಿನಲ್ಲಿ, ಎಲ್ಲಿ ಎಂದು ನಾನು ಕೇಳಿಲ್ಲ. ಅವಳ ಫೋನ್ ಎರಡು ದಿನ ಬಾರದಿದ್ದರೆ ಬೆರಳು ತಾನಾಗಿಯೇ ಅವಳ ಹೊಸ ಕಥೆಯನ್ನು ಹುಡುಕಲು ಹೋಗುತ್ತದೆ. ಆಗ ನನಗೆ ಮಗಳ ಬಗ್ಗೆ ಆಗುವ ಭಯಕ್ಕಿಂತ ಆ ಬೆರಳಿನ ಭಯವೇ ಹೆಚ್ಚು. ಫೋನನ್ನು ಗಂಡನ ಕೈಗೆ ಕೊಟ್ಟು ವಾಕಿಂಗ್ ಹೊರಡುತ್ತೇನೆ.