ಜಯಮ್ಮ ಹೇಳಿದ ತಿದ್ದುಪಡಿ

ಹೋದ ವಾರ ನನಗೆ ಭರ್ಜರಿ ಚಪ್ಪಾಳೆ ಬಿತ್ತು. ಒಂದು ಸುಳ್ಳಿಗೆ. (ಹೇಳುವಾಗ ಅದು ಸುಳ್ಳೆಂದು ನನಗೂ ಗೊತ್ತಿರಲಿಲ್ಲ, ಆಣೆಗೂ.)

ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್‌ಗಳಿಗೆ ತರಬೇತಿ. ಲೀಡರ್ ಆಗಿ ನಾನು ಬೆಳೆದದ್ದು ಹೇಗೆ ಎಂದು ಮಾತಾಡಲು ಕರೆದಿದ್ದರು. ರಾಮನಗರದಲ್ಲಿ ನನ್ನದೊಂದು ಪುಟ್ಟ ರೇಷ್ಮೆ ನೂಲು ತೆಗೆಯುವ ಘಟಕವಿದೆ. ಅಲ್ಲಿನದೇ ಕಥೆ ಹೇಳಿದೆ.

ಎರಡು ವರ್ಷದ ಹಿಂದೆ, ರೇಷ್ಮೆಗೂಡು ಬೇಯಿಸುವ ನೀರಿನ ಬಿಸಿ ಅಳೆಯಲು ಹೊಸದಾಗಿ ಮೀಟರ್ ಹಾಕಿಸಿದ್ದ ದಿನ. ನೂಲು ತೆಗೆಯುವ ಜಯಮ್ಮ ಗೂಡನ್ನು ಬೆರಳಲ್ಲಿ ಒತ್ತಿ ನೋಡಿ, "ಇನ್ನೂ ಬೆಂದಿಲ್ಲ" ಅಂದರು. "ಮೀಟರ್‌ಗಿಂತ ನಿಮ್ಮ ಬೆರಳು ದೊಡ್ಡದಾ?" ಎಂದು ರೇಗಿದೆ. ದಿನವಿಡೀ ಅರೆಬೆಂದ ಗೂಡಿನ ಎಳೆ ತುಂಡಾಗುತ್ತಲೇ ಇತ್ತು. ಮಾರನೆಯ ಬೆಳಿಗ್ಗೆ ಎಲ್ಲರೆದುರು ಜಯಮ್ಮನ ಕ್ಷಮೆ ಕೇಳಿದೆ. ಅಂದೇ ನಾನು ಲೀಡರ್ ಆದೆ!

ಚಪ್ಪಾಳೆ.

ಅಷ್ಟಕ್ಕೇ ಸುಮ್ಮನಿರಬಾರದಿತ್ತೆ? ಆ ವಿಡಿಯೋವನ್ನು ತಂದು ಘಟಕದ ಐದೂ ಹೆಂಗಸರಿಗೆ ತೋರಿಸಿದೆ. ಜಯಮ್ಮ ಮೊಬೈಲಿಗೆ ಬಗ್ಗಿ ಪೂರ್ತಿ ನೋಡಿದರು.

"ಚೆನ್ನಾಗೈತೆ ಸಾರ್. ಆ ಜಯಮ್ಮ ಯಾರು?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಅರ್ಥವಾಗದೆ.

"ಕ್ಷಮೆ ಕೇಳಿರಲಿಲ್ವಾ ನಾನು?"

"ಎಲ್ಲಿ ಕೇಳಿದ್ರಿ? ಬೆಳಿಗ್ಗೆ ಬರೋ ಹೊತ್ಗೆ ನನ್ ಜಾಗ್ದಲ್ಲಿ ಶಿವಮ್ಮನ್ನ ನಿಲ್ಸಿದ್ರಿ. ಅವತ್ತಿಂದ ಕೆಟ್ಟ ಗೂಡು ಆರಿಸ್ತಾ ಕೂತಿವ್ನಿ."

"ನಿಮಗೆ ಸೊಂಟ ನೋವು ಅಂತಲ್ವಾ ಕೂರಿಸಿದ್ದು?"

"ಸೊಂಟ ನೋವು ಶಿವಮ್ಮಂಗೆ ಸಾರ್."

"ಊಂ ಮತ್ತೆ!" ಶಿವಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡೇ ಅಂದರು.

ಎರಡು ವರ್ಷ! ದಿನಾ ಕಣ್ಣೆದುರೇ ಕೂತಿದ್ದರು. ನಾನು ಕೊಟ್ಟ ಶಿಕ್ಷೆ ನನ್ನ ತಲೆಯೊಳಗೆ ಯಾವಾಗ ಕರುಣೆಯಾಯಿತು? ನೆನಪು ಮಾಲೀಕನ ಕಡೆಯ ನೌಕರ. ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ಜಯಮ್ಮನ ಹಾಗೆ "ಇನ್ನೂ ಬೆಂದಿಲ್ಲ" ಅನ್ನುವುದಿಲ್ಲ.

"ನಾಳೆಯಿಂದ ನಿಮ್ಮ ಜಾಗಕ್ಕೆ ಬನ್ನಿ" ಅಂದೆ.

"ಬತ್ತೀನಿ. ಮೊದ್ಲು ಅದನ್ನ ಹೇಳ್ಬುಡಿ. ಎಲ್ರೂ ಅವ್ರೆ."

"ಯಾವುದನ್ನ?"

"ಫೋನಲ್ಲಿ ಹೇಳಿದ್ರಲ್ಲ, ಅದ್ನೇ."

ತುಂಬಿದ ಹಾಲ್‌ನಲ್ಲಿ ಸಲೀಸಾಗಿ ಬಂದ ಮಾತು ಐದು ಹೆಂಗಸರ ಮುಂದೆ ಅಷ್ಟು ಸಲೀಸಾಗಿರಲಿಲ್ಲ. ಗೋಡೆಯ ಮೀಟರ್ ನೋಡಿದೆ. ಅದೇನು ಸಹಾಯ ಮಾಡೀತು? ಕೊನೆಗೆ, "ನಂದು ತಪ್ಪಾಯ್ತು ಜಯಮ್ಮ" ಎಂದು ಜೋರಾಗಿ ಹೇಳಿದೆ.

ಅಚ್ಚಿಗೆ ಕಳಿಸುವ ಮುನ್ನ ಈ ಬರಹವನ್ನು ಜಯಮ್ಮನಿಗೆ ಓದಿ ಹೇಳಿದೆ. ಮತ್ತೆ ತಮ್ಮ ಜಾಗದಲ್ಲಿ ನಿಂತು, ಗೂಡು ಒತ್ತಿ ನೋಡುತ್ತಲೇ ಕೇಳಿಸಿಕೊಂಡವರು ಒಂದೇ ಕಡೆ ತಡೆದರು:

"ಜೋರಾಗೇನ್ ಹೇಳ್ಲಿಲ್ಲ ಬುಡಿ ಸಾರ್."