ನಿಂಬೆರಸದಲ್ಲಿ ಸುರುಟಿದ ಹುಳಗಳು

ಒಜೆಯಾಸ್ ತನ್ನ ಆಯುಷ್ಯದ ಹೆಚ್ಚು ಪಾಲನ್ನು ಮೀನಿನ ಕಿವಿರು ನೋಡುತ್ತಲೇ ಕಳೆದ. ಬೆಲೆಂ ಊರಿನ ಒಂದು ಪ್ರಯೋಗಾಲಯದಲ್ಲಿ ಅವನು ಸಹಾಯಕ. ಗುವಮಾ ನದಿಯ ಮೀಸೆ ಮೀನುಗಳ ಕಿವಿರು ಕತ್ತರಿಸಬೇಕು, ಬಿಸಿನೀರಿನಲ್ಲಿ ಅಲುಗಿಸಬೇಕು, ಉದುರಿದ ಹುಳಗಳನ್ನು ಸೂಜಿಮೊನೆಯಿಂದ ಎತ್ತಿ ಗಾಜಿನ ಮೇಲೆ ಮಲಗಿಸಬೇಕು. ಮೀನಿನ ಮೈಯ ಲೋಳೆ ತಿಂದು ಬದುಕುವ ಹುಳಗಳು ಅವು, ರವೆಯ ಕಾಳಿಗಿಂತ ಸಣ್ಣವು. ನೆರೆಯವರು ಕೇಳಿದರೆ ಹೆಂಡತಿ ಕ್ಲೆಯೊನೀಸಿ, "ನಮ್ಮ ಮನೆಯವ್ರು ಆಫೀಸಲ್ಲಿದ್ದಾರೆ" ಎಂದು ಹೇಳಿ ಮಾತು ಮುಗಿಸುತ್ತಿದ್ದಳು.

ಒಂದು ದಿನ ಮಾಂಡೂಬೆ ಎಂಬ ಮೀಸೆ ಮೀನಿನ ಕಿವಿರಿನಲ್ಲಿ ಅವನು ಎಂದೂ ಕಾಣದ ಹುಳವೊಂದು ಸಿಕ್ಕಿತು. ಇಂಥ ಹುಳಗಳ ಜಾತಿ ತಿಳಿಯುವುದು ಬಾಲದ ಕೊಕ್ಕೆಗಳಿಂದ. ಇದರ ಕೊಕ್ಕೆ ಕುಡುಗೋಲಿನಂತೆ ಬಾಗಿ, ತುದಿಯಲ್ಲಿ ಮತ್ತೆ ಹಿಂದಕ್ಕೆ ಹೊರಳಿತ್ತು. ಯಾವ ಪುಸ್ತಕದಲ್ಲೂ ಅಂಥ ಚಿತ್ರವಿರಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಎಲೊಯೀನಾ ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಒಜೆಯಾಸ್. ಆದ್ರೆ ಒಂದೇ ಒಂದು. ಹುಟ್ಟುಕುಂಟ ಇರಬಹುದಲ್ಲ?"

"ಹುಳದಲ್ಲೂ ಹುಟ್ಟುಕುಂಟ ಇರ್ತಾವಾ ಡಾಕ್ಟ್ರೇ?"

"ಮನುಷ್ಯರಲ್ಲಿ ಇಲ್ವಾ? ಇನ್ನಷ್ಟು ತನ್ನಿ. ಮಳೆ ಹಿಡಿಯೋದ್ರೊಳಗೆ."

ಮಳೆ ಹಿಡಿದರೆ ನದಿ ಕಾಡಿಗೆ ನುಗ್ಗುತ್ತದೆ, ಮಾಂಡೂಬೆಯೂ ಅದರ ಹಿಂದೆ ಹೋಗುತ್ತದೆ. ಬರುವ ಬೇಸಿಗೆಗೆ ಒಜೆಯಾಸ್ ನಿವೃತ್ತ. ಹೊಸ ಜಾತಿಯೊಂದನ್ನು ತನ್ನ ಕಣ್ಣೇ ಮೊದಲು ಕಂಡಿತು ಎಂದಾಗಬೇಕು ಎಂಬುದೊಂದೇ ಅವನ ಆಸೆ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಮಾರುಕಟ್ಟೆಯಿಂದ ಮಾಂಡೂಬೆ ತಂದ, ಮತ್ತೆ ತಂದ. ಹುಳಗಳೇನೋ ಸಿಕ್ಕವು. ಆದರೆ ಎಲ್ಲವೂ ಸುರುಟಿ ಒಣಮೆಣಸಿನ ಬೀಜದಂತಾಗಿದ್ದವು, ಕೊಕ್ಕೆಗಳು ಹೊಟ್ಟೆಯೊಳಗೆ ಮಡಚಿಕೊಂಡಿದ್ದವು. ಬಿಸಿನೀರು ಬದಲಿಸಿದ, ಸೂಜಿ ಬದಲಿಸಿದ, ಕನ್ನಡಕವನ್ನೂ ಬದಲಿಸಿದ. ಕೊನೆಗೆ ಬೆಳಕು ಹರಿಯುವ ಹೊತ್ತಿಗೆ, ಆ ಮೀನು ಮಾರುವ ಮಾರ್ಲೂಸಿಯಾಳ ಅಂಗಡಿಗೇ ಹೋದ. ಮಾಂಡೂಬೆ ಬರುವುದು ಅವಳ ಭಾವನ ದೋಣಿಯಲ್ಲಿ, ಇಳಿಯುವುದು ಅವಳ ಕಟ್ಟೆಯ ಮೇಲೆ ಮಾತ್ರ.

ಅವಳು ನಿಂಬೆಹಣ್ಣು ಹಿಂಡಿ, ಮೀನಿನ ಕಿವಿರೊಳಗೆ ಬೆರಳು ತೂರಿಸಿ ಉಜ್ಜುತ್ತಿದ್ದಳು.

"ಅಕ್ಕಾ, ಏನ್ಮಾಡ್ತಿದ್ದೀರಿ?"

"ಮೀನಿಗೆ ಸ್ನಾನ. ಹೊಸ ಕನ್ನಡಕ ಹಾಕಿದ್ರೂ ಕಾಣಲ್ವಾ?"

"ನಂಗೆ ಕೊಡೋ ಮೀನಿಗೂ ಹೀಗೇನಾ?"

"ನಿಂಗೆ ಎರಡು ಸಲ. ಓದಿದೋರ ಜಾಗಕ್ಕೆ ಹೋಗೋ ಮೀನು. ಯಾಕೆ, ನೀಚುವಾಸನೆ ಬಂತು ಅಂದ್ರಾ ಯಾರಾದ್ರೂ?"

"ಯಾರೂ ಅನ್ಲಿಲ್ಲ. ಮೊದಲನೇ ದಿನದ್ದು ಮಾತ್ರ ಬೇರೆ ಥರ ಇತ್ತು."

"ಅವತ್ತು ನಲ್ಲೀಲಿ ನೀರಿರ್ಲಿಲ್ಲ, ನಿಂಬೇನೂ ಮುಗಿದಿತ್ತು. ನಾಚಿಕೆಯಿಂದ ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ."

"ಅಂಥದೇ ಬೇಕು ಅಕ್ಕಾ. ನಿಂಬೆರಸಕ್ಕೆ ಹುಳ ಸುರುಟಿಕೊಳ್ತಾವೆ."

ಮಾರ್ಲೂಸಿಯಾ ಅಕ್ಕಪಕ್ಕದ ಕಟ್ಟೆಗಳತ್ತ ನೋಡಿದಳು. "ಮೆತ್ತಗೆ ಮಾತಾಡು. ಯಾರ ಮೀನಲ್ಲಿ ಹುಳ?"

"ಎಲ್ಲಾರ ಮೀನಲ್ಲೂ ಇರ್ತಾವೆ. ತಿನ್ನೋರಿಗೆ ಏನೂ ಆಗಲ್ಲ. ನಿಮ್ಮದ್ರಲ್ಲಿ ಬಹಳ ಒಳ್ಳೇದು ಸಿಕ್ತು."

ಇದನ್ನು ಅವನು ಹೊಗಳಿಕೆಯಾಗಿ ಹೇಳಿದ್ದ. ಅವಳು ಹಾಗೆ ತೆಗೆದುಕೊಳ್ಳಲಿಲ್ಲ.

"ತೊಳೀದೇ ಇರೋ ಮೀನು ನನ್ನ ಕಟ್ಟೆ ದಾಟಲ್ಲ. ನಮ್ಮಮ್ಮನ ಕಾಲದಲ್ಲೂ ದಾಟಿಲ್ಲ. ನಡಿ."

ಅವನು ನಡೆದ. ಮರುದಿನ ಮತ್ತೆ ಬಂದ. ಆಚೆ ದಡದ ಮೇಲೆ ಮೋಡ ಕಪ್ಪಾಗತೊಡಗಿತ್ತು.

"ಅಕ್ಕಾ, ಕಟ್ಟೆ ದಾಟದೆ ಇದ್ರೆ? ಇಲ್ಲೇ ಹಿಂದೆ ಕೂತು, ನೀವು ತೊಳೆಯೋ ಮೊದಲು ಕಿವಿರು ಬಿಡಿಸ್ಕೊಳ್ತೀನಿ. ಬಿಸಿನೀರಿನ ಸೀಸೆಗೆ ಹಾಕಿ ಮುಚ್ಚಳ ಬಿಗೀತೀನಿ. ಮೀನು ನಿಮ್ಮದು, ತೊಳ್ಕೊಳ್ಳಿ."

ಅವಳು ಯೋಚಿಸಿದಳು. ತೊಳೆಯದ ಮೀನು ಹೊರಗೆ ಹೋಗುವುದಿಲ್ಲ, ಅದು ಸರಿ. "ಏಪ್ರನ್ ಕಟ್ಕೊ. ಯಾರಾದ್ರೂ ಕೇಳಿದ್ರೆ ನಮ್ಮ ಚಿಕ್ಕಪ್ಪನ ಮಗ. ಆ ಹುಳದ ಮಾತು ಬಾಯಲ್ಲಿ ಬರಬಾರ್ದು."

ಹೀಗೆ ಒಜೆಯಾಸ್ ಮಳೆ ಹಿಡಿಯುವವರೆಗೆ ಬೆಳಿಗ್ಗೆ ಮೀನಂಗಡಿಯಲ್ಲಿ, ಆಮೇಲೆ ಆಫೀಸಿನಲ್ಲಿ. ಚಿಕ್ಕಪ್ಪನ ಮಗ ಎಂದಮೇಲೆ ಗಿರಾಕಿಗಳು ಸುಮ್ಮನಿರುತ್ತಾರೆಯೇ? ಕತ್ತರಿಸಿಕೊಡಲು ಅವನ ಮುಂದೆಯೇ ಮೀನು ಚಾಚಿದರು. ಮುದುಕಿಯೊಬ್ಬಳು, "ಮನೇಲಿ ಬಾಣಂತಿ ಇದ್ದಾಳೆ, ಮಾಂಡೂಬೆ ಕೊಡಬಹುದಾ?" ಎಂದು ಕೇಳಿದಳು.

"ಬೇಡಮ್ಮ, ನಂಜಾಗುತ್ತೆ" ಎಂದ ಒಜೆಯಾಸ್. ಬೆಲೆಂನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ.

ಮುದುಕಿ ಏನೂ ಕೊಳ್ಳದೆ ಹೋದಳು. "ನಿಮ್ಮ ಆಫೀಸಲ್ಲೂ ಹೀಗೇ ಕೆಲಸ ಮಾಡ್ತೀಯಾ?" ಎಂದಳು ಮಾರ್ಲೂಸಿಯಾ.

ಸೀಸೆಯಲ್ಲಿ ಸಿಕ್ಕ ಹುಳಗಳು ನೆಟ್ಟಗೆ ಮಲಗಿದವು. ಒಂದೊಂದರ ಕೊಕ್ಕೆಯೂ ತುದಿಯಲ್ಲಿ ಹಿಂದಕ್ಕೆ ಹೊರಳಿತ್ತು. ಡಾಕ್ಟರ್ ಎಲೊಯೀನಾ ಗಾಜುಗಳನ್ನೆಲ್ಲ ನೋಡಿ, ದೂರದ ಊರುಗಳ ಸಂಗ್ರಹಗಳಲ್ಲಿರುವ ಹುಳಗಳೊಂದಿಗೆ ಹೋಲಿಸಿ, ಬಹಳ ದಿನಗಳ ಮೇಲೆ ಅವನನ್ನು ಕರೆದು ಕೈ ಕುಲುಕಿದರು. "ಹೊಸದೇ. ಕುಂಟ ಅಲ್ಲ."

ಒಜೆಯಾಸ್ ಮನೆಗೆ ಹೋಗುವ ಬದಲು ಮಾರುಕಟ್ಟೆಗೆ ಹೋದ. ಮಳೆ ಆಗಷ್ಟೇ ಹಿಡಿದಿತ್ತು. ಕಟ್ಟೆಯ ಮೇಲೆ ಕೊನೆಯ ಕೆಲವು ಮಾಂಡೂಬೆ ಉಳಿದಿದ್ದವು.

"ಅಕ್ಕಾ, ಡಾಕ್ಟ್ರು ಒಪ್ಪಿದ್ರು! ಇಡೀ ಪ್ರಪಂಚದಲ್ಲಿ ಯಾರೂ ಕಂಡಿಲ್ಲ. ನಿಮ್ಮ ಮೀನಲ್ಲಿ ಮಾತ್ರ…"

ಮಾರ್ಲೂಸಿಯಾ ಅವನ ಕಾಲು ತುಳಿದಳು. ಅವನ ಬೆನ್ನ ಹಿಂದೆ ಕೊಡೆ ಮಡಚುತ್ತ ಒಬ್ಬ ಹೆಂಗಸು ನಿಂತಿದ್ದಳು.

"ಏನು ಇವ್ರ ಮೀನಲ್ಲಿ ಮಾತ್ರ ಇರೋದು?"

ಮಾರ್ಲೂಸಿಯಾ ಅವನ ಮುಖವನ್ನೇ ನೋಡಿದಳು.

"ರುಚಿ ಅಮ್ಮಾ" ಎಂದ ಒಜೆಯಾಸ್.

"ಹಾಗಿದ್ರೆ ಅಷ್ಟೂ ಕೊಡಿ. ತಲೆ ತೆಗೆದು ಕೊಡಪ್ಪ."

ಒಜೆಯಾಸ್ ಏಪ್ರನ್ ಕಟ್ಟಿಕೊಂಡ.